ಹಣ್ಣು ಕಾಯುವುದಿಲ್ಲ

ಕೊಡಗಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಶುರುವಾಯಿತೆಂದರೆ ಪಲ್ಪರ್ ಮನೆಗೆ ಬಿಡುವೇ ಇಲ್ಲ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರ್‌ಗೆ ಹಾಕಬೇಕು. ಸಿಪ್ಪೆ ಬಿಟ್ಟ ಬೀಜ ತೊಟ್ಟಿಯಲ್ಲಿ ಹುದುಗಬೇಕು, ಲೋಳೆ ತೊಳೆದುಹೋಗಬೇಕು, ಆಮೇಲೆ ಕಣದಲ್ಲಿ ಒಣಗಬೇಕು. ಕಣ ತುಂಬಿದ್ದರೆ ತೊಟ್ಟಿ ಖಾಲಿಯಾಗದು. ತೊಟ್ಟಿ ಖಾಲಿಯಾಗದಿದ್ದರೆ ಪಲ್ಪರ್ ನಿಲ್ಲುತ್ತದೆ. ಮೂಟೆಯಲ್ಲೇ ಉಳಿದ ಹಣ್ಣು ಬಿಸಿಯೇರಿ, ಹುಳಿತು, ಕಾಫಿಯ ರುಚಿಯನ್ನೇ ಕೆಡಿಸುತ್ತದೆ.

ಇಂಥದೇ ಲೆಕ್ಕಾಚಾರವನ್ನು ಆಟವಾಗಿಸಿದ ಕಂಪ್ಯೂಟರ್ ಕ್ರೀಡೆಯೊಂದಿದೆ. ಹೆಸರು ಫ್ಯಾಕ್ಟೋರಿಯೋ. ಜೆಕ್ ದೇಶದ ಪ್ರಾಗ್ ನಗರದ ವೂಬೆ ಸಾಫ್ಟ್‌ವೇರ್ ಇದನ್ನು ರೂಪಿಸಿತು. 2016ರಲ್ಲಿ ಸ್ಟೀಮ್ ಮಳಿಗೆಗೆ ಬಂದ ಆಟ 2020ರ ಆಗಸ್ಟ್‌ನಲ್ಲಿ ಪೂರ್ಣರೂಪ ಪಡೆಯಿತು. ಅಪರಿಚಿತ ಗ್ರಹದಲ್ಲಿ ಬಿದ್ದ ಎಂಜಿನಿಯರ್ ಒಬ್ಬ ಕೈಯಿಂದ ಅದಿರು ಅಗೆಯುವುದರೊಂದಿಗೆ ಆರಂಭ. ಬರಬರುತ್ತಾ ಆ ಕೆಲಸವೆಲ್ಲ ಯಂತ್ರ, ಪಟ್ಟಿ, ರೈಲುಗಳ ಪಾಲಾಗುತ್ತದೆ. ಕೊನೆಗೆ ರಾಕೆಟ್ ಹಾರಿಸಬೇಕು. ಎಲ್ಲಿ ಸರಕು ಕಟ್ಟಿಕೊಂಡಿದೆ, ಎಲ್ಲಿ ಸಾಲದಾಗಿದೆ ಎಂದು ಹುಡುಕಿ ಸರಿಪಡಿಸುವುದೇ ಆಟದ ಜೀವಾಳ.

ಆಟಗಾರರು ಇದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಕೆನಡಾದ ಶಾಪಿಫೈ ಕಂಪನಿಯ ಮುಖ್ಯಸ್ಥ ಟೋಬಿ ಲುಟ್ಕೆ, ತಮ್ಮ ನೌಕರರು ಈ ಆಟ ಕೊಂಡರೆ ಖರ್ಚು ಕಂಪನಿಯದೆಂದು ಹೇಳಿದ್ದುಂಟು. ಅದೇ ಆಟಗಾರರು ಮಾದಕ ವಸ್ತುವಿನ ಹೆಸರು ಬೆರೆಸಿ ಇದನ್ನು 'ಕ್ರ್ಯಾಕ್‌ಟೋರಿಯೋ' ಎಂದು ಕರೆದದ್ದೂ ಉಂಟು. ಹೊಗಳಿಕೆ, ಎಚ್ಚರಿಕೆ ಎರಡೂ ಒಂದೇ ಬಾಯಿಂದ!

2024ರ ಅಕ್ಟೋಬರ್‌ನಲ್ಲಿ 'ಸ್ಪೇಸ್ ಏಜ್' ಎಂಬ ಮುಂದುವರಿಕೆ ಬಂದಾಗ ಅಭಿಪ್ರಾಯ ಒಡೆಯಿತು. ಅದರಲ್ಲಿನ ಗ್ಲೆಬಾ ಎಂಬ ಗ್ರಹದಲ್ಲಿ ಕಾರ್ಖಾನೆಗೆ ಬೇಕಾದದ್ದು ಹಣ್ಣು. ಹಣ್ಣು ಕೊಳೆಯುತ್ತದೆ, ಅದರ ತಿರುಳಂತೂ ಕೆಲವೇ ನಿಮಿಷಗಳಲ್ಲಿ ಕೆಡುತ್ತದೆ. ಅಲ್ಲಿಯವರೆಗೆ ಪಟ್ಟಿ ತುಂಬಿದರೆ ಚಿಂತೆಯಿರಲಿಲ್ಲ, ಕಬ್ಬಿಣ ಕಾಯುತ್ತಿತ್ತು. ಇಲ್ಲಿ ತುಂಬಿ ನಿಂತದ್ದೆಲ್ಲ ಕೊಳೆತು, ದಾರಿಯನ್ನೇ ಮುಚ್ಚುತ್ತದೆ. ನೂರಾರು ಗಂಟೆ ಆಡಿ ಪಳಗಿದವರೂ ಬೇಸತ್ತರು. ಕಣ್ಣು ತಪ್ಪಿಸಿದರೆ ಕಾರ್ಖಾನೆ ಸಾಯುತ್ತದೆಂಬುದು ಅವರ ದೂರು. ಇನ್ನು ಕೆಲವರಿಗೆ ಇದೇ ಎಲ್ಲಕ್ಕಿಂತ ಮೆಚ್ಚಿನ ಭಾಗವಾಯಿತು. ಹೆಚ್ಚು ಕೂಡಿಡದೆ, ಬೇಕಾದಷ್ಟನ್ನೇ ತಂದು, ಉಳಿದದ್ದನ್ನು ಸುಟ್ಟು, ಹರಿವು ನಿಲ್ಲದಂತೆ ನೋಡಿಕೊಳ್ಳುವುದನ್ನು ಅವರು ಕಲಿತರು. ಹಳೆಯ ಜಾಣತನ ಹೊಸ ಊರಿನಲ್ಲಿ ನಡೆಯದೆಂದು ಒಪ್ಪಿಕೊಂಡವರಿಗೆ ದಾರಿ ಸಿಕ್ಕಿತು. ಪಲ್ಪರ್ ಮನೆ ಕಂಡ ಕೊಡಗಿನ ಮಕ್ಕಳಿಗೆ ಇದೇನೂ ಹೊಸ ಪಾಠವಲ್ಲ.

ಇನ್ನು ಪಾಲಕರ ಮಾತು. ಈ ಆಟದಿಂದ ಪಿಯುಸಿ ಅಂಕ ಏರುತ್ತದೆಂದು ನಂಬಬೇಕಿಲ್ಲ. ಅಂಕಕ್ಕೆ ಪಠ್ಯಪುಸ್ತಕವೇ ಗತಿ. ಕಾರ್ಖಾನೆಯಲ್ಲಿ ಸರಿಪಡಿಸುವುದು ಇನ್ನೊಂದು ಇದ್ದೇ ಇರುವುದರಿಂದ 'ಇನ್ನು ಹತ್ತೇ ನಿಮಿಷ' ಎಂಬುದು ನಡುರಾತ್ರಿ ಮುಟ್ಟುತ್ತದೆ. ಆದ್ದರಿಂದ ಆಡಲು ಕೂರುವ ಮೊದಲೇ, ಇಂದು ಸರಿಪಡಿಸುವ ಒಂದು ಕೆಲಸ ಯಾವುದೆಂದು ಮಕ್ಕಳೇ ಚೀಟಿಯಲ್ಲಿ ಬರೆಯಲಿ. ಅದು ಮುಗಿದೊಡನೆ, ಅಥವಾ ಗೊತ್ತುಮಾಡಿದ ಹೊತ್ತು ಮೀರಿದೊಡನೆ, ಏಳುವ ಕರಾರಿರಲಿ. ಕೊಳ್ಳುವ ಮುನ್ನ ನೋಡಲು ಉಚಿತ ಮಾದರಿಯೂ ಇದೆ.

ಗದರುವುದಕ್ಕಿಂತ ಒಮ್ಮೆ ಪಕ್ಕದಲ್ಲಿ ಕೂತು, 'ಎಲ್ಲಿ ಕಟ್ಟಿಕೊಂಡಿದೆ ಮಗಾ?' ಎಂದು ಕೇಳುವುದು ಲೇಸು. ಪರದೆಯ ಮೇಲೆ ತೋರಿಸಬಲ್ಲ ಮಕ್ಕಳನ್ನು ಮರುದಿನ ಸಂಜೆ ಪಲ್ಪರ್ ಮನೆಗೆ ಕರೆದೊಯ್ದು ಅದೇ ಪ್ರಶ್ನೆ ಕೇಳಬಹುದು. ಪರದೆಯ ಹಣ್ಣು ಕೊಳೆತರೆ ಆಟವನ್ನು ಮತ್ತೆ ಶುರುಮಾಡಬಹುದು. ತೋಟದ ಹಣ್ಣಿಗೆ ಬರುವ ವರ್ಷದವರೆಗೆ ಕಾಯಬೇಕು. ಆ ವ್ಯತ್ಯಾಸ ಅರಿತವರು ಆಟವನ್ನೂ ಆಡಬಲ್ಲರು, ಪಾಠವನ್ನೂ ಓದಬಲ್ಲರು.