ಜೀಪಿನ ಕೆಳಗೊಂದು ಹನಿ

ಬೆಳಿಗ್ಗೆ ಜೀಪನ್ನು ರಸ್ತೆಗೆ ತೆಗೆದ ಮೇಲೆ ಅದು ನಿಂತಿದ್ದ ಜಾಗದಲ್ಲಿ ಅಂಗೈ ಅಗಲದ ಕಪ್ಪು ಕಲೆ. ಕೆ.ಜಿ.ಎಫ್.ನ ಕೋರಮಂಡಲ್‌ನಲ್ಲಿರುವ ಆ ಮನೆಯವರಿಗೆ ಇದು ಹೊಸದಲ್ಲ. ಹಿಂದಿನ ಆಕ್ಸಲ್‌ಗೆ ಆರು ತಿಂಗಳಲ್ಲಿ ಮೂರು ಸಲ ಆಯಿಲ್ ಸೀಲ್ ಬದಲಾಯಿಸಿ ಆಗಿದೆ. ಪ್ರತಿ ಸಲವೂ ಹದಿನೈದು ದಿನ ನೆಲ ಒಣಗಿರುತ್ತದೆ. ಆಮೇಲೆ ಮತ್ತದೇ ಹನಿ. ‘ಹಳೇ ಜೀಪು ಅಂದ ಮೇಲೆ ಸ್ವಲ್ಪ ಸೋರಲೇಬೇಕು ಬಿಡಿ’ ಎಂದು ಗ್ಯಾರೇಜಿನವರು ಕೈ ತೊಳೆದುಕೊಂಡರು.

ಆದರೆ ಈ ‘ಸ್ವಲ್ಪ’ ಎಂದರೆ ಎಷ್ಟು? ಸುಮಾರು ಇಪ್ಪತ್ತು ಹನಿ ಸೇರಿದರೆ ಒಂದು ಮಿಲಿಲೀಟರ್. ನಿಮಿಷಕ್ಕೆ ಒಂದೇ ಹನಿ ಬಿದ್ದರೂ ದಿನಕ್ಕೆ 1440 ಹನಿ, ಅಂದರೆ 72 ಮಿಲಿಲೀಟರ್. ಎರಡು ವಾರದಲ್ಲಿ ಒಂದು ಲೀಟರ್ ನೆಲದ ಪಾಲು. ಹಳೆಯ ಜೀಪಿನ ಹಿಂದಿನ ಹೌಸಿಂಗ್ ಹಿಡಿಯುವುದೇ ಒಂದು ಲೀಟರಿಗಿಂತ ತುಸು ಹೆಚ್ಚು. ಇಲ್ಲೊಂದು ಮೋಸವೂ ಉಂಟು. ಒಳಗಿನ ಎಣ್ಣೆಯ ಮಟ್ಟ ಸೀಲಿಗಿಂತ ಕೆಳಗಿಳಿದಾಗ ನಿಂತ ಗಾಡಿಯಲ್ಲಿ ಹನಿ ಬೀಳುವುದು ತಾನಾಗಿ ನಿಲ್ಲುತ್ತದೆ. ಎಲ್ಲ ಸರಿಹೋಯಿತೆಂದು ಮಾಲೀಕರು ಸಮಾಧಾನಪಡುವುದು ಆಗಲೇ. ಕ್ರೌನ್ ಮತ್ತು ಪಿನಿಯನ್ ಎಣ್ಣೆಯಿಲ್ಲದೆ ಸವೆಯತೊಡಗುವುದೂ ಆಗಲೇ!

ಕೊನೆಗೆ ಜೀಪು ಅದೇ ಊರಿನ ಒಬ್ಬ ಹಿರಿಯ ಮೇಸ್ತ್ರಿಯ ಕೈಗೆ ಬಂತು. ಅವರು ಸ್ಪ್ಯಾನರ್ ಹಿಡಿಯಲಿಲ್ಲ. ‘ಎಣ್ಣೆ ಬೀಳೋ ಜಾಗ ನೀವು ನೋಡಿದ್ದೀರಪ್ಪ. ಹೊರಡೋ ಜಾಗ ಯಾರು ನೋಡಿದ್ದಾರೆ?’ ಎಂದು ಕೇಳಿದರು.

ಪ್ರಶ್ನೆ ಸರಿಯಾದದ್ದೇ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ತಲುಪುವ ಗಾಡಿಯಲ್ಲಿ ಎಣ್ಣೆ ತುಂಬಿದ ಪೆಟ್ಟಿಗೆಗಳು ಹಲವು. ಗೇರ್ ಬಾಕ್ಸ್, ಅದರ ಹಿಂದೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದೊಂದು ಹಿಂದೊಂದು ಡಿಫರೆನ್ಷಿಯಲ್. ಪ್ರತಿ ಪೆಟ್ಟಿಗೆಯಿಂದಲೂ ತಿರುಗುವ ದಂಡ ಹೊರಬರುತ್ತದೆ. ದಂಡ ಹೊರಬಂದ ಕಡೆಯಲ್ಲೆಲ್ಲ ಒಂದು ಸೀಲ್. ಸೀಲ್ ಇದ್ದ ಕಡೆಯಲ್ಲೆಲ್ಲ ಸೋರುವ ಸಾಧ್ಯತೆ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಟ್ರಾನ್ಸ್‌ಫರ್ ಕೇಸ್‌ನಿಂದ ಹೊರಟ ಎಣ್ಣೆ ಹಿಂದಿನ ಹೌಸಿಂಗ್ ಮೇಲೆ ಕಂಡರೆ ಅಚ್ಚರಿಯಿಲ್ಲ.

ಮೊದಲು ಸೋರುತ್ತಿರುವುದು ಏನೆಂದು ತಿಳಿಯಬೇಕು. ಬಳಸಿದ ಎಂಜಿನ್ ಆಯಿಲ್ ಕಪ್ಪಗೆ, ತೆಳ್ಳಗೆ ಇರುತ್ತದೆ. ಗ್ಯಾರೇಜಿನವರು ‘90 ನಂಬರ್’ ಎನ್ನುವ ಗೇರ್ ಆಯಿಲ್ ಮಂದ. ಅದರಲ್ಲಿ ಗಂಧಕದ ಸಂಯುಕ್ತಗಳಿರುವುದರಿಂದ ಮೂಗಿಗೆ ಹಿಡಿದರೆ ಘಾಟು. ಬ್ರೇಕ್ ಆಯಿಲ್ ಎಂಬ ಅನುಮಾನವಿದ್ದರೆ ಲೋಟದ ನೀರಿಗೆ ಒಂದು ಹನಿ ಹಾಕಿದರಾಯಿತು. ಸಾಮಾನ್ಯ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ, ಗೇರ್ ಆಯಿಲ್ ತೇಲುತ್ತದೆ. ಈ ಜೀಪಿನ ಹನಿ ತೇಲಿತು, ಘಾಟೂ ಇತ್ತು.

ಎರಡನೆಯ ಕೆಲಸ ಸ್ನಾನ. ಗಾಡಿಯ ತಳಭಾಗವನ್ನೆಲ್ಲ ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಒಣಗಿಸಿ, ಸಂಶಯವಿದ್ದ ಕೀಲುಗಳಿಗೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿದರು. ಬಂಗಾರಪೇಟೆಗೆ ಹೋಗಿ ಬರುವಂತೆ ಹೇಳಿ ಕಳಿಸಿದರು. ಜೀಪು ಮರಳಿದಾಗ ಬಿಳಿ ಪೌಡರಿನ ಮೇಲೆ ಎಣ್ಣೆಯ ದಾರಿ ಗೆರೆ ಎಳೆದಂತೆ ಕಾಣುತ್ತಿತ್ತು. ಹಿಂದಿನ ಪಿನಿಯನ್ ಸೀಲ್ ಸೋರುತ್ತಿದ್ದದ್ದು ನಿಜ. ಆದರೆ ಎಡಗಡೆಯ ಹಿಂದಿನ ಚಕ್ರದ ಒಳಬದಿಯೂ ಒದ್ದೆ! ಅದನ್ನು ಈವರೆಗೆ ಯಾರೂ ನೋಡಿರಲಿಲ್ಲ.

ಮೇಸ್ತ್ರಿ ತಕ್ಷಣ ಡ್ರಮ್ ಬಿಚ್ಚಿಸಿದರು. ಒಳಗೆ ಬ್ರೇಕ್ ಶೂ ಎಣ್ಣೆಯಲ್ಲಿ ನೆನೆದಿತ್ತು. ಬ್ರೇಕು ಕೆಲಸ ಮಾಡುವುದೇ ಘರ್ಷಣೆಯಿಂದ. ಎಣ್ಣೆ ಇರುವುದೇ ಘರ್ಷಣೆ ತಗ್ಗಿಸಲಿಕ್ಕೆ. ಎರಡೂ ಒಂದೆಡೆ ಸೇರಿದರೆ ಆ ಚಕ್ರಕ್ಕೆ ಬ್ರೇಕಿಲ್ಲ, ಜೋರಾಗಿ ತುಳಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ವಾರದಲ್ಲಿ ಆರು ದಿನ ಟೊಮೇಟೊ ಕ್ರೇಟುಗಳನ್ನೂ ಬೆಳಿಗ್ಗೆ ಶಾಲೆಯ ಮಕ್ಕಳನ್ನೂ ಹೊರುವ ಜೀಪು ಅದು. ನೆಲದ ಮೇಲಿನ ಕಲೆಯನ್ನಷ್ಟೇ ನೋಡಿದವರಿಗೆ ನಿಜವಾದ ಅಪಾಯ ಡ್ರಮ್ಮಿನೊಳಗೆ ಅಡಗಿದ್ದದ್ದು ತಿಳಿಯಲಿಲ್ಲ.

ಒಂದೇ ಆಕ್ಸಲ್‌ನ ಎರಡು ಸೀಲುಗಳು ಒಟ್ಟಿಗೆ ಸೋತದ್ದೇಕೆ? ಮೇಸ್ತ್ರಿಯ ಬೆರಳು ಆಕ್ಸಲ್ ಕೊಳವೆಯ ಮೇಲಿದ್ದ ಕಡಲೆಕಾಳಿನಷ್ಟು ಸಣ್ಣ ಮುಚ್ಚಳದ ಕಡೆ ಹೋಯಿತು. ಅದೇ ಬ್ರೀದರ್, ಹೌಸಿಂಗಿನ ಮೂಗು. ಧೂಳೂ ಎಣ್ಣೆಯೂ ಸೇರಿ ಗಟ್ಟಿಯಾಗಿ ಅದು ಪೂರ್ತಿ ಕಟ್ಟಿಹೋಗಿತ್ತು.

ಮೂಗು ಕಟ್ಟಿದರೆ ಆಗುವುದೇನೆಂದು ಪ್ರೌಢಶಾಲೆಯ ಅನಿಲ ನಿಯಮವೇ ಹೇಳುತ್ತದೆ. ಮುಚ್ಚಿದ ಪಾತ್ರೆಯ ಗಾಳಿ ಬಿಸಿಯಾದಷ್ಟೂ ಒತ್ತಡ ಏರುತ್ತದೆ. ಬೆಳಿಗ್ಗೆ 27 ಡಿಗ್ರಿ ಸೆಲ್ಸಿಯಸ್ ಇದ್ದ ಹೌಸಿಂಗ್ ಓಡಿ ಓಡಿ 90 ಡಿಗ್ರಿಗೆ ಬಂತೆನ್ನಿ. ಕೆಲ್ವಿನ್ ಲೆಕ್ಕದಲ್ಲಿ ಅದು 300ರಿಂದ 363. ಒತ್ತಡ ಐದನೇ ಒಂದು ಪಾಲು ಹೆಚ್ಚಾಯಿತು. ಎಣ್ಣೆಯೂ ಹಿಗ್ಗಿ ಗಾಳಿಯ ಜಾಗವನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಸೀಲಿನ ರಬ್ಬರ್ ತುಟಿ ಎಣ್ಣೆಯನ್ನು ಒರೆಸಿ ಒಳಗಿಡಲು ಮಾಡಿದ್ದೇ ಹೊರತು ಹೀಗೆ ದಿನವೂ ಒತ್ತಡ ತಡೆಯಲು ಮಾಡಿದ್ದಲ್ಲ. ಹೊಸ ಸೀಲ್ ಹದಿನೈದು ದಿನ ತಡೆದದ್ದೇ ಹೆಚ್ಚು. ಇದಕ್ಕೆ ವಿರುದ್ಧವೂ ಆಗುವುದುಂಟು. ಬಿಸಿಯಾದ ಹೌಸಿಂಗ್ ಮಳೆಗಾಲದಲ್ಲಿ ಹರಿಯುವ ಹಳ್ಳಕ್ಕಿಳಿದರೆ ಗಾಳಿ ಕುಗ್ಗಿ ಸೀಲಿನ ಮೂಲಕ ನೀರನ್ನೇ ಒಳಗೆಳೆಯುತ್ತದೆ. ಆಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ.

ಆ ಧೂಳು ಎಲ್ಲಿಂದ ಬಂತೆಂದು ಕೆ.ಜಿ.ಎಫ್.ನವರಿಗೆ ಹೇಳಬೇಕಿಲ್ಲ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಯನೈಡ್ ಗುಡ್ಡಗಳು ಉಳಿದವು. ಚಿನ್ನಕ್ಕಾಗಿ ಬಂಡೆಯನ್ನು ಹಿಟ್ಟಿನಂತೆ ಅರೆದು ಉಳಿದ ಪುಡಿ ಅದು, ಮೂರು ಕೋಟಿ ಟನ್ನಿಗೂ ಮಿಕ್ಕಿ. ಆಷಾಢದ ಗಾಳಿಗೆ ಅದು ಊರೆಲ್ಲ ಹಾರುತ್ತದೆ. ಚಿನ್ನದ ಅದಿರಿನಲ್ಲಿ ಬೆಣಚುಕಲ್ಲು ಹೇರಳ. ಮೋಸ್ ಮಾನದಲ್ಲಿ ಬೆಣಚಿನ ಗಡಸುತನ 7. ಸಾಮಾನ್ಯ ಉಕ್ಕು ಅದಕ್ಕಿಂತ ಮೆದು. ಈ ಪುಡಿ ಸೀಲಿನ ತುಟಿಗೆ ಅಂಟಿಕೊಂಡರೆ ರಬ್ಬರೇ ಉಪ್ಪುಕಾಗದವಾಗಿ ಉಕ್ಕನ್ನು ಉಜ್ಜುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹಳೆಯ ಜೀಪಿನ ಪಿನಿಯನ್ ನಿಮಿಷಕ್ಕೆ ಸುಮಾರು 2000 ಸುತ್ತು ತಿರುಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಸೀಲ್ ಕೂರುವ ಜಾಗದ ಮೇಲೆ ಮೇಸ್ತ್ರಿ ಉಗುರು ಆಡಿಸಿದಾಗ ಅದು ಸಿಕ್ಕಿಕೊಂಡಿತು. ಉಕ್ಕಿನ ಮೇಲೆ ಸುತ್ತಲೂ ಒಂದು ಗೀರು. ಈ ಗೀರಿರುವಷ್ಟು ದಿನ ಎಂಥ ಸೀಲ್ ಹಾಕಿದರೂ ಎಣ್ಣೆಗೆ ದಾರಿ ಇದ್ದೇ ಇರುತ್ತದೆ.

ಆಮೇಲಿನ ರಿಪೇರಿ ದೊಡ್ಡದೇನಲ್ಲ, ಆದರೆ ಕ್ರಮವಾಗಿ ನಡೆಯಬೇಕು. ಬ್ರೀದರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಊದಿ ನೋಡಿ, ಅದಕ್ಕೊಂದು ರಬ್ಬರ್ ಕೊಳವೆ ಸಿಕ್ಕಿಸಿ ಧೂಳು ನೀರು ಎಟುಕದಂತೆ ಚಾಸಿಗೆ ಎತ್ತರದಲ್ಲಿ ಕಟ್ಟಿದರು. ಪಿನಿಯನ್ನನ್ನು ಕೈಯಲ್ಲಿ ಅಲುಗಿಸಿ ಬೇರಿಂಗ್ ಸಡಿಲವಿಲ್ಲವೆಂದು ಖಚಿತಪಡಿಸಿಕೊಂಡರು. ಬೇರಿಂಗ್ ಸಡಿಲಾದರೆ ದಂಡ ಕುಣಿಯುತ್ತದೆ, ಕುಣಿಯುವ ದಂಡಕ್ಕೆ ಯಾವ ಸೀಲೂ ನಿಲ್ಲದು. ನಟ್ ಬಿಚ್ಚುವ ಮುಂಚೆಯೇ ಗುರುತು ಹಾಕಿಕೊಂಡಿದ್ದರಿಂದ ಅದನ್ನು ಮೊದಲಿದ್ದಷ್ಟೇ ಬಿಗಿ ಮಾಡಲು ಸಾಧ್ಯವಾಯಿತು. ಗೀರು ಬಿದ್ದ ಭಾಗಕ್ಕೆ ತೆಳುವಾದ ಉಕ್ಕಿನ ಸ್ಲೀವ್ ತೊಡಿಸಿದರು. ಸೀಲ್ ಬಂದದ್ದು ಕೊನೆಗೆ. ಅದರ ಸ್ಪ್ರಿಂಗ್ ಇರುವ ತುಟಿ ಎಣ್ಣೆಯ ಕಡೆ ಮುಖ ಮಾಡಿರಬೇಕು. ಒಣಗಿದ ತುಟಿ ಮೊದಲ ಕಿಲೋಮೀಟರಿನಲ್ಲೇ ಸುಡುವುದರಿಂದ ಎಣ್ಣೆ ಸವರಿಯೇ ಕೂರಿಸಬೇಕು. ಚಕ್ರದ ಕಡೆಯ ಸೀಲ್ ಹೊಸದು ಬಂತು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ನಂಬುವಂತಿಲ್ಲವಾದ್ದರಿಂದ ಎರಡೂ ಬದಿಯ ಶೂಗಳನ್ನು ಬದಲಾಯಿಸಿದರು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ತುಂಬುವ ತೂತಿನ ಅಂಚಿಗೆ ಬರುವಷ್ಟೇ ಎಣ್ಣೆ ಹಾಕಿದರು. ಹೆಚ್ಚು ಹಾಕಿದರೆ ಅದೂ ಸೋರಿಕೆಗೆ ಕಾರಣ.

ಹಳೆಯ ಎಣ್ಣೆಯನ್ನು ಡಬ್ಬಿಗೆ ಹಿಡಿದು, ಹಳೇ ಎಣ್ಣೆ ಕೊಳ್ಳುವವರಿಗೆ ಕೊಡಲೆಂದು ಮೂಲೆಯಲ್ಲಿಟ್ಟರು. ಚರಂಡಿಗೆ ಸುರಿಯಬಹುದಿತ್ತಲ್ಲ ಎಂದ ಹುಡುಗನಿಗೆ ಅವರು, ‘ಈ ನೆಲ ಆಗಲೇ ಬೇಕಾದಷ್ಟು ಕುಡಿದಿದೆ’ ಎಂದರು.

ಮೂರು ಸೀಲುಗಳಿಗೆ ಹಣ ಸುರಿದ ಮಾಲೀಕರಿಗೆ ಬ್ರೀದರ್ ತೊಳೆಯಲು ತಗುಲಿದ್ದು ಒಂದು ಚಮಚ ಸೀಮೆಎಣ್ಣೆ. ಮರುದಿನ ಬೆಳಿಗ್ಗೆ ಜೀಪಿನ ಕೆಳಗೆ ಹಾಸಿದ್ದ ಹಳೇ ಪತ್ರಿಕೆಯನ್ನು ಅವರು ಬೆಳಕಿಗೆ ಹಿಡಿದು ನೋಡಿದರು. ಅಲ್ಲಿ ಸುದ್ದಿ ಬಿಟ್ಟರೆ ಬೇರೇನೂ ಇರಲಿಲ್ಲ.