ಹೊಟ್ಟೆ ನಮ್ಮದು, ಚೀಟಿಯ ಭಾಷೆ ಯಾರದು?

ಕನ್ನಡದ ಯುವಕ ಯುವತಿಯರೇ,

ನಿಮ್ಮ ಬೀದಿಯ ಅಂಗಡಿಯಲ್ಲಿ ಮಿಠಾಯಿಯದೋ ಕುರುಕಲು ತಿಂಡಿಯದೋ ಒಂದು ಪೊಟ್ಟಣ ಕೈಗೆತ್ತಿಕೊಳ್ಳಿ. ಮುಂದೆ ಬಣ್ಣದ ಚಿತ್ರ, ಸಿನಿಮಾ ತಾರೆಯ ನಗು. ಹಿಂದೆ ತಿರುಗಿಸಿ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ 'ಪ್ರಿಸರ್ವೇಟಿವ್', ಪಕ್ಕದಲ್ಲೊಂದು ಸಂಖ್ಯೆ. ಅದು 218 ಅಥವಾ 219 ಆಗಿದ್ದರೆ ಅರ್ಥವೇನು? ನಿಮಗೆ ಗೊತ್ತೇ? ನಿಮ್ಮ ತಾಯಿಗೆ ಗೊತ್ತೇ?

ಹೇಳುತ್ತೇವೆ, ಕೇಳಿ. 218 ಎಂದರೆ ಮೀಥೈಲ್ ಪ್ಯಾರಾಬೆನ್. 219 ಅದರದೇ ಸೋಡಿಯಂ ಲವಣ. 214 ಈಥೈಲ್ ಪ್ಯಾರಾಬೆನ್. 216 ಪ್ರೊಪೈಲ್ ಪ್ಯಾರಾಬೆನ್. ಎಲ್ಲ ಒಂದೇ ಮನೆತನದ ಅಣ್ಣತಮ್ಮಂದಿರು. ಪ್ಯಾರಾ ಹೈಡ್ರಾಕ್ಸಿ ಬೆಂಜಾಯಿಕ್ ಆಮ್ಲವನ್ನು ಬೇರೆ ಬೇರೆ ಆಲ್ಕೊಹಾಲುಗಳೊಡನೆ ಕೂಡಿಸಿದರೆ ಇವು ಹುಟ್ಟುತ್ತವೆ. ಕೆಲಸ ಒಂದೇ: ಬೂಷ್ಟು ಹಿಡಿಯದಂತೆ, ಯೀಸ್ಟ್ ಬೆಳೆಯದಂತೆ ತಡೆಯುವುದು. ಅಜ್ಜಿ ಉಪ್ಪಿನಕಾಯಿ ಜಾಡಿಯಲ್ಲಿ ಉಪ್ಪು, ಹುಳಿ, ಎಣ್ಣೆಯಿಂದ ಮಾಡುತ್ತಿದ್ದ ಕೆಲಸ! ಸೋಡಿಯಂ ಬೆಂಜೋಯೇಟಿಗೆ ಹುಳಿ ಇದ್ದರೆ ಮಾತ್ರ ಬಲ. ಪ್ಯಾರಾಬೆನ್‌ಗಳು ಹುಳಿಯಿಲ್ಲದ ಪದಾರ್ಥದಲ್ಲೂ ಕೆಲಸ ಮಾಡುತ್ತವೆ. ಮೀಥೈಲ್ ಪ್ಯಾರಾಬೆನ್ ನೀರಿನಲ್ಲಿ ಸುಲಭವಾಗಿ ಕರಗದು, ಅದರ ಸೋಡಿಯಂ ಲವಣ ಸಲೀಸಾಗಿ ಕರಗುತ್ತದೆ. ಅದಕ್ಕೇ 219.

ಹಾಗಾದರೆ ಇದು ವಿಷವೇ? ಸುಮ್ಮನೆ ಬೊಬ್ಬೆ ಹೊಡೆದು ಹೆದರಿಸುವುದು ನಮ್ಮ ಕೆಲಸವಲ್ಲ. 2004ರಲ್ಲಿ ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಮೀಥೈಲ್, ಈಥೈಲ್ ಪ್ಯಾರಾಬೆನ್‌ಗಳಿಗೆ ಒಟ್ಟಾಗಿ ಒಂದು ಮಿತಿ ಹೇಳಿತು: ದಿನಕ್ಕೆ, ದೇಹತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂ. 60 ಕಿಲೋ ತೂಗುವ ನಿಮಗೆ 600 ಮಿಲಿಗ್ರಾಂ. 15 ಕಿಲೋ ತೂಗುವ ಮಗುವಿಗೆ 150 ಮಾತ್ರ. ದೇಹ ಇವನ್ನು ಒಡೆದು ಮೂತ್ರದಲ್ಲಿ ಹೊರಹಾಕುತ್ತದೆ.

ಆದರೆ ಪ್ರೊಪೈಲ್ ಪ್ಯಾರಾಬೆನ್‌ಗೆ ಅದೇ ಪ್ರಾಧಿಕಾರ ಆ ಮಿತಿಯನ್ನು ಕೊಡಲು ಒಪ್ಪಲಿಲ್ಲ. ಎಳೆಯ ಗಂಡು ಇಲಿಗಳ ಲೈಂಗಿಕ ಹಾರ್ಮೋನು, ಜನನಾಂಗಗಳ ಮೇಲೆ ಪರಿಣಾಮ ಕಂಡುಬಂದಿತ್ತು. 2006ರಲ್ಲಿ ಯೂರೋಪ್ ಅದನ್ನು ಆಹಾರದ ಪಟ್ಟಿಯಿಂದಲೇ ಕಿತ್ತುಹಾಕಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಕಾನೂನು ಮಾಡಿ, ನಿಷೇಧಕ್ಕೆ 2027ರ ಜನವರಿ 1ನ್ನು ಗೊತ್ತುಮಾಡಿತು. ನೋಡಿದಿರಾ? 216ಕ್ಕೂ 218ಕ್ಕೂ ಎರಡೇ ಅಂಕಿಯ ಅಂತರ. ಒಂದಕ್ಕೆ ಮಿತಿ, ಇನ್ನೊಂದಕ್ಕೆ ಗೇಟ್‌ಪಾಸ್! ಈ ಅಂತರ ತಿಳಿಯದವನು ಏನನ್ನು ಆರಿಸಿಯಾನು, ಏನನ್ನು ಬಿಟ್ಟಾನು?

ಈಗ ನಮ್ಮ ದೇಶದ ನಿಯಮಕ್ಕೆ ಬನ್ನಿ. ಸಂರಕ್ಷಕದ ಹೆಸರನ್ನಾದರೂ ಹಾಕಿ, ಸಂಖ್ಯೆಯನ್ನಾದರೂ ಹಾಕಿ ಎನ್ನುತ್ತದೆ. ಯಾವ ಭಾಷೆಯಲ್ಲಿ? 2011ರ ನಿಯಮವೂ ಅದನ್ನೇ ಹೇಳಿತು, 2020ರ ನಿಯಮವೂ ಅದನ್ನೇ ಹೇಳಿತು: ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿ. ಉಳಿದ ಭಾಷೆಗಳು? ಬೇಕಾದರೆ ಜೊತೆಗೆ ಸೇರಿಸಿಕೊಳ್ಳಬಹುದು! ಎರಡು ಸಾವಿರ ವರ್ಷದ ಭಾಷೆಗೆ ಸಿಕ್ಕಿದ್ದು 'ಬೇಕಾದರೆ' ಎಂಬ ಭಿಕ್ಷೆ!

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ, ಕರ್ನಾಟಕದಲ್ಲಿ ತಯಾರಾಗುವ ಸರಕಿನ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು ಆದೇಶಿಸಿತು. ಸಂತೋಷ. ಆದರೆ ಹೊರರಾಜ್ಯದಿಂದ ಬಂದು ಇಲ್ಲಿ ಮಾರಾಟವಾಗುವ ಪೊಟ್ಟಣದ ಗತಿ? ಒಳಗಿರುವ ಪದಾರ್ಥಗಳ ಪಟ್ಟಿಯ ಗತಿ? ಹೊಟ್ಟೆಗೆ ಹೋಗುವುದು ಹೆಸರಲ್ಲ ಸ್ವಾಮಿ, ಪದಾರ್ಥ!

ಪೊಟ್ಟಣದಲ್ಲಿ ಜಾಗವಿಲ್ಲ ಎನ್ನುತ್ತಾರೆ. ತಾರೆಯ ಮುಖಕ್ಕೆ ಇರುವ ಜಾಗ ತಾಯಿಯ ಕಣ್ಣಿಗೆ ಏಕಿಲ್ಲ? ಕನ್ನಡದಲ್ಲಿ ವಿಜ್ಞಾನದ ಪದಗಳಿಲ್ಲ ಎನ್ನುತ್ತಾರೆ. ಮೇಲೆ ಹೇಳಿದ್ದೆಲ್ಲ ಯಾವ ಭಾಷೆಯಲ್ಲಿ ಅರ್ಥವಾಯಿತು ನಿಮಗೆ? ಟಿವಿಯಲ್ಲಿ ಮಾರುವಾಗ ಕನ್ನಡ ಬೇಕು, ಒಳಗೇನಿದೆ ಎಂದು ತಿಳಿಸುವಾಗ ಬೇಡವೇ?

ನಮ್ಮ ಬೇಡಿಕೆ ಚಿಕ್ಕದು. 'ಸಂರಕ್ಷಕ: ಮೀಥೈಲ್ ಪ್ಯಾರಾಬೆನ್, 218' ಎಂದು ಕನ್ನಡದಲ್ಲಿ, ಕಣ್ಣಿಗೆ ಕಾಣುವಂತೆ ಅಚ್ಚು ಹಾಕಿ. ಹೆಸರೂ ಇರಲಿ, ಸಂಖ್ಯೆಯೂ ಇರಲಿ. ತಿನ್ನುವುದೋ ಬಿಡುವುದೋ ನಾವು ತೀರ್ಮಾನಿಸುತ್ತೇವೆ.

ಗೆಳೆಯರೇ, ಇಂದೇ ಒಂದು ಪೊಟ್ಟಣ ತಿರುಗಿಸಿ ಓದಿ. ಕನ್ನಡವಿಲ್ಲದಿದ್ದರೆ ಅದರ ಮೇಲಿರುವ ಗ್ರಾಹಕ ವಿಭಾಗದ ವಿಳಾಸಕ್ಕೆ ಕನ್ನಡದಲ್ಲೇ ಪತ್ರ ಬರೆಯಿರಿ. ಉತ್ತರವನ್ನೂ ಕನ್ನಡದಲ್ಲೇ ಕೇಳಿ. ಒಬ್ಬ ಬರೆದರೆ ಕಸದ ಬುಟ್ಟಿ. ಸಾವಿರ ಜನ ಬರೆದರೆ ಹೊಸ ಅಚ್ಚು!