ಹಳೆಯ ದಫ್ತರ



ಮಹಾನವಮಿಯು ಸಮೀಪಿಸಿತೆಂದರೆ ನಮ್ಮ ಸೇಡಂ ಸೀಮೆಯ ಮನೆಗಳಲ್ಲಿ ಶಹಾಬಾದ ಕಲ್ಲಿನ ನೆಲವನ್ನು ತೊಳೆದು, ಪಾತ್ರೆಗಳನ್ನು ಬೆಳಗಿ, ಹಾಸಿಗೆಗಳನ್ನು ಬಿಸಿಲಿಗೆ ಹಾಕುವರು. ಕಾಗದಗಳ ಪೆಟ್ಟಿಗೆಯನ್ನು ಮಾತ್ರ ಯಾರೂ ಮುಟ್ಟರು. ಕಳೆದ ವರ್ಷ ಆಡಕಿಯ ನಮ್ಮ ಮನೆಯಲ್ಲಿ ನಾನು ಅದಕ್ಕೆ ಕೈಹಾಕಿದೆನು.

ಹೆಚ್ಚಿನವು ನಿಸ್ಸಂಶಯವಾಗಿ ತ್ಯಾಜ್ಯವಾಗಿದ್ದವು: ಹಣ ಸಂದಾಯವಾದ ವಿದ್ಯುತ್ತಿನ ಬಿಲ್ಲುಗಳು, ಎಂದೋ ಕೆಟ್ಟುಹೋದ ರೇಡಿಯೋದ ರಸೀದಿ, ಮದುವೆಯ ಕರೆಯೋಲೆಗಳು, ಆ ದಂಪತಿಗಳ ಮಕ್ಕಳಿಗೇ ಈಗ ಮದುವೆಯಾಗಿದೆ. ಇಂಥವುಗಳಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಸಹಿ ಇರುವವನ್ನು ಚೂರುಚೂರಾಗಿ ಹರಿದ ಬಳಿಕವೇ ರದ್ದಿಗೆ ಹಾಕತಕ್ಕದ್ದು. ಶೇಂಗಾ ಕಟ್ಟಿದ ಪೊಟ್ಟಣದ ಮೇಲೆ ಅಪರಿಚಿತ ಬಾಲಕನೊಬ್ಬನ ಅಂಕಪಟ್ಟಿಯನ್ನು ನಾನೇ ಓದಿದ್ದೇನೆ. ಪಾಪ, ಗಣಿತದಲ್ಲಿ ಮೂವತ್ತೈದು!

ಶಾಲೆ ಬಿಟ್ಟ ಪ್ರಮಾಣಪತ್ರಗಳನ್ನು ಮಾತ್ರ ಜೋಪಾನವಾಗಿರಿಸಬೇಕು. 2012ರ ತಿದ್ದುಪಡಿಯಿಂದ ಸಂವಿಧಾನದಲ್ಲಿ 371(ಜೆ) ವಿಧಿಯು ಸೇರಿದ ಮೇಲೆ, ನಮ್ಮ ಭಾಗದ ಮಕ್ಕಳು ಕಾಲೇಜಿಗೂ ನೌಕರಿಗೂ ಅರ್ಹತಾ ಪ್ರಮಾಣಪತ್ರವನ್ನು ಪಡೆಯುವಾಗ, ತಾವು ಈ ಸೀಮೆಯವರೇ ಎಂಬುದಕ್ಕೆ ಇಂತಹ ಹಳೆಯ ಕಾಗದಗಳೇ ಒದಗುತ್ತವೆ.

ಪೆಟ್ಟಿಗೆಯ ತಳದಲ್ಲಿ ಉರ್ದು ಬರಹದ ಒಂದು ದಫ್ತರವಿದ್ದಿತು. ನನಗೆ ಉರ್ದು ಬಾರದು. ಅರ್ಥವಾಗದ್ದು ನಿರರ್ಥಕವೆಂದು ಬಗೆದು ಅದನ್ನು ಬಚ್ಚಲ ಒಲೆಯ ಬಳಿ ಇಟ್ಟೆನು. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವೆಂದೂ, 1884ರಿಂದ ಅಲ್ಲಿಯ ಕಚೇರಿಗಳ ಭಾಷೆ ಉರ್ದುವಾಗಿದ್ದಿತೆಂದೂ ಮಕ್ಕಳಿಗೆ ಎಷ್ಟೋ ಸಲ ಹೇಳಿದವನು ನಾನೇ! ಎರಡು ಹಾಳೆಗಳು ಉರಿದುಹೋದ ಮೇಲೆ, ಉರ್ದು ಶಾಲೆಯಲ್ಲಿ ಕಲಿತ ನೆರೆಯ ವೃದ್ಧರೊಬ್ಬರು ದೈವವಶಾತ್ ಬಂದರು. ಮಿಕ್ಕವನ್ನು ಕಣ್ಣಿಗೆ ಹತ್ತಿರ ಹಿಡಿದು, "ಮಾಸ್ತರ, ಇದು ಹೊಲದ್ದಲ್ಲ, ಬಾವೀದು" ಎಂದರು.

ಕಾಗದದ ಮೇಲೆ 1352 ಫಸಲಿ ಎಂದಿದ್ದಿತು. ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕವು ದೊರೆಯುವುದು, ಅಂದರೆ 1942–43. ನಮ್ಮ ಅಜ್ಜನೂ ಅವನ ತಮ್ಮನೂ ಹಾಲಿ ಸಿಕ್ಕಾ ರೂಪಾಯಿಗಳನ್ನು ಸಮವಾಗಿ ಹಾಕಿ ಬಾವಿಯನ್ನು ತೋಡಿಸಿದರೆಂದೂ, ನೀರಿನಲ್ಲಿ ಎರಡು ಮನೆಗಳಿಗೂ ಸರಿಪಾಲೆಂದೂ ಬರೆದಿದ್ದಿತು.

ಆ ಬಾವಿಯು ನಮ್ಮೊಬ್ಬರದೇ ಎಂದು ದಾಯಾದಿ ತಮ್ಮನೊಡನೆ ಹನ್ನೆರಡು ವರ್ಷ ವಾದಿಸಿದವನು ನಾನು. ಒಲೆಯು ಇನ್ನೂ ಉರಿಯುತ್ತಲೇ ಇದ್ದಿತು. ಕ್ಷಣಕಾಲ ಅತ್ತ ನೋಡಿದೆನೆಂಬುದನ್ನು ಮುಚ್ಚಿಡಲಾರೆ.

ಸಾಯಂಕಾಲ ಕಾಗದವನ್ನು ಅವನ ಮನೆಗೆ ಒಯ್ದು, ವೃದ್ಧರು ಹೇಳಿದ ಅರ್ಥವನ್ನು ಕನ್ನಡದಲ್ಲಿ ಬರೆದು ಜೊತೆಗಿಟ್ಟು ಕೊಟ್ಟೆನು. ಅವನು ಅದನ್ನು ಹಿಂದುಮುಂದು ತಿರುಗಿಸಿ ನೋಡಿ, "ಅಣ್ಣಾ, ಇದನ್ನ ನೀವೇ ಇಟ್ಕೋರಿ" ಎಂದನು. ಉರಿದುಹೋದ ಎರಡು ಹಾಳೆಗಳ ವಿಷಯವನ್ನೂ ಅವನಿಗೆ ಹೇಳಿದೆನು. ಅವುಗಳಲ್ಲಿ ಏನಿದ್ದಿತೆಂದು ಅವನು ಕೇಳಿದನು.